ಸೋಸುವ ಮೊದಲು ವರ್ಟ್ ತಿರುಗಿಸಿ

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ತಂದ ಹಿಟ್ಟಿನ ಸಾಣಿಗೆಗೆ 20 ಲೀಟರ್ ವರ್ಟ್ (ಬಿಯರ್ ಮಾಡಲು ಕುದಿಸಿದ ಮಾಲ್ಟಿನ ಸಿಹಿ ರಸ) ನೇರವಾಗಿ ಸುರಿಯಬೇಡಿ, ಅರ್ಧಕ್ಕೇ ಕಟ್ಟಿಕೊಳ್ಳುತ್ತದೆ. ಪೆಲೆಟ್ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಪುಡಿಮಾಡಿ ಒತ್ತಿದ ಗುಳಿಗೆ) ಕುದಿಯುವಾಗ ಪುಡಿಪುಡಿಯಾಗಿ, ಹೆಪ್ಪುಗಟ್ಟಿದ ಪ್ರೋಟೀನಿನ ಜೊತೆ ಸೇರಿ ಹಸಿರು ರಾಡಿಯಾಗುತ್ತದೆ; ಸಾಣಿಗೆಯ ಕಣ್ಣು ಮುಚ್ಚುವುದು ಅದೇ. ಇಡೀ ಹೂವಿನ ಹಾಪ್ಸ್ ಆದರೆ ಹೂವಿನ ಹಾಸೇ ಗಸಿಯನ್ನು ಹಿಡಿಯುತ್ತದೆ.

ವರ್ಟ್ ತಣಿಸಿ, ಕಾಯಿಲ್ (ತಣಿಸುವ ಕೊಳವೆಯ ಸುರುಳಿ) ಹೊರಗೆ ತೆಗೆಯಿರಿ. ಕಾಯಿಲ್ ಒಳಗಿದ್ದರೆ ಸುಳಿ ಏಳುವುದಿಲ್ಲ. ಉದ್ದ ಸೌಟಿನಿಂದ ಒಂದೇ ದಿಕ್ಕಿಗೆ 2 ನಿಮಿಷ ಜೋರಾಗಿ ತಿರುಗಿಸಿ, ಮುಚ್ಚಿ, 20 ನಿಮಿಷ ಮುಟ್ಟದೆ ಬಿಡಿ. ಗಸಿ ನಡುವೆ ಗುಡ್ಡೆಯಾಗಿ ಕೂರುತ್ತದೆ. ಸೈಫನ್ ಪೈಪನ್ನು ಅಂಚಿಗೆ ಒತ್ತಿ ವರ್ಟನ್ನು ಹುದುಗಿಸುವ ಪಾತ್ರೆಗೆ ನಿಧಾನವಾಗಿ ಇಳಿಸಿ, ಗುಡ್ಡೆ ಜರಿಯತೊಡಗಿದ ಕೂಡಲೇ ನಿಲ್ಲಿಸಿ. ತಳದ ಒಂದು ಲೀಟರಿನ ಆಸೆ ಬೇಡ.

ತಣಿದ ವರ್ಟಿಗೆ ತಾಗುವ ಸೌಟು, ಪೈಪು ಎಲ್ಲವೂ ಸ್ಯಾನಿಟೈಸ್ ಆಗಿರಲೇಬೇಕು. ಸ್ವಲ್ಪ ಗಸಿ ಹೋದರೆ ಯೀಸ್ಟಿಗೇನೂ ತೊಂದರೆಯಿಲ್ಲ.