ದೂರಾನಾ? ಇಲ್ಲ, ಇಲ್ಲೇ

ನಮ್ಮ ಮೈಸೂರಿನ ಕಡೆ ಮನೆಯಿಂದ ಹೊರಟವರನ್ನು 'ಎಲ್ಲಿಗೆ' ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತೆ ಅಂತ ಅಜ್ಜಿ ಬೈಯುತ್ತಿದ್ದರು. ಆದರೆ ಕೇಳದೆ ಇರೋದಕ್ಕೂ ಆಗಬೇಕಲ್ಲ. ಅದಕ್ಕೆ 'ದೂರಾನಾ?' ಅಂತ ಕೇಳುತ್ತಾರೆ. ಎರಡನೇ ಶನಿವಾರ ಬೆಳಿಗ್ಗೆ ನಾನು ಗೇಟು ಹಾಕುವಾಗ ಎದುರು ಮನೆಯ ಆಂಟಿಯೂ ಅದನ್ನೇ ಕೇಳುತ್ತಾರೆ. ನಾನು 'ಇಲ್ಲ, ಇಲ್ಲೇ' ಅನ್ನುತ್ತೇನೆ. ಸಂಜೆ ಐದಕ್ಕೆ ವಾಪಸ್ ಬಂದಾಗ ಅವರು ಇನ್ನೂ ವರಾಂಡದಲ್ಲೇ ಇರುತ್ತಾರೆ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ 'ಇಲ್ಲೇ' ಅಂದ್ರೆ ಎಲ್ಲಿ?

ಅವರೊಬ್ಬರದೇ ಪ್ರಶ್ನೆ ಅಲ್ಲ. ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವಳು, ನಾದಿನಿ, ಬೆಂಗಳೂರಿನಿಂದ ಫೋನ್ ಮಾಡುವ ಮಗಳು, ಎಲ್ಲರೂ ಇದನ್ನೇ ಬೇರೆ ಬೇರೆ ಥರ ಕೇಳುತ್ತಾರೆ. 'ಇಪ್ಪತ್ತೆರಡು ವರ್ಷದಿಂದ ಇರೋ ಏರಿಯಾದಲ್ಲಿ ನೋಡೋದಕ್ಕೆ ಇನ್ನೇನು ಉಳಿದಿದೆ? ಅದೂ ಒಬ್ಬಳೇ?' ಮಗಳು ಮಾತ್ರ ಒಂದು ಹೆಜ್ಜೆ ಮುಂದೆ: 'ಅಪ್ಪನ ಜೊತೆ ಜಗಳಾನಾ?'

ಜಗಳ ಇಲ್ಲ. ಒಂದೊಂದಾಗಿ ಹೇಳುತ್ತೇನೆ.

ನಾನಿರುವುದು ಕೃಷ್ಣಮೂರ್ತಿಪುರಂನಲ್ಲಿ. ಪಕ್ಕದಲ್ಲೇ ಚಾಮರಾಜಪುರಂ, ಆಚೆಗೆ ಲಕ್ಷ್ಮೀಪುರಂ, ಈ ಕಡೆ ಅಗ್ರಹಾರ. ಮದುವೆಯಾಗಿ ಬಂದಾಗಿನಿಂದ ಈ ರಸ್ತೆಗಳಲ್ಲಿ ಸ್ಕೂಟರ್ ಓಡಿಸಿದ್ದೇನೆ. ಸ್ಕೂಟರಿನಲ್ಲಿ ನೋಡಿದ ಏರಿಯಾ ಅಂದ್ರೆ ಹಂಪು, ಗುಂಡಿ, ಅಡ್ಡ ಬರುವ ನಾಯಿ, ಅಷ್ಟೇ. ಮೂರು ವರ್ಷದ ಹಿಂದೆ ಒಂದು ಶನಿವಾರ ಸ್ಕೂಟರ್ ಕೆಟ್ಟು ಮೆಕ್ಯಾನಿಕ್ ಹತ್ತಿರ ಬಿಟ್ಟೆ. 'ಸಂಜೆ ಬನ್ನಿ ಮೇಡಂ' ಅಂದ. ಮನೆಯವರು ಊರಲ್ಲಿರಲಿಲ್ಲ. ಅಡುಗೆ ಮಾಡುವ ಹಂಗೂ ಇಲ್ಲ. ಸುಮ್ನೆ ನಡೆದುಕೊಂಡು ಹೊರಟೆ. ಅಲ್ಲಿಂದ ಶುರು.

ಆವತ್ತು ಮೊದಲು ತಿಳಿದದ್ದು ಏರಿಯಾದ ಬಗ್ಗೆ ಅಲ್ಲ, ಕೈಯ ಬಗ್ಗೆ. ಕೈ ಖಾಲಿ ಇಟ್ಟುಕೊಂಡು ಹೆಂಗಸೊಬ್ಬಳು ನಿಧಾನವಾಗಿ ನಡೆದರೆ ಜನ ನೋಡುತ್ತಾರೆ. ಎರಡು ಸಲ ಅದೇ ರಸ್ತೆಯಲ್ಲಿ ಬಂದರೆ 'ಯಾರ ಮನೆ ಬೇಕಿತ್ತು?' ಅನ್ನುತ್ತಾರೆ. ಗಂಡಸರು ಅಂಗಡಿ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂತರೂ ಯಾರಿಗೂ ಏನೂ ಅನ್ನಿಸಲ್ಲ. ಈಗ ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದುಕೊಂಡು ಹೋಗುತ್ತೇನೆ. ಖಾಲಿ ಚೀಲ. ಅದಿದ್ದರೆ 'ಪಾಪ, ಏನೋ ಕೆಲಸದ ಮೇಲೆ ಹೊರಟಿದ್ದಾಳೆ' ಅಂತ ಎಲ್ಲರಿಗೂ ಸಮಾಧಾನ. ಕುಕ್ಕರಹಳ್ಳಿ ಕೆರೆ ಏರಿಯ ಮೇಲಾದರೆ ಚೀಲ ಬೇಡ, ಸ್ಪೋರ್ಟ್ಸ್ ಶೂ ಸಾಕು. ಆದರೆ ಅಲ್ಲಿಗೆ ನಾನು ಹೋಗುವುದು ಕಡಿಮೆ. 1864ರಲ್ಲಿ ತೋಡಿಸಿದ ಕೆರೆ, ಚೆಂದದ ಜಾಗ, ಇಲ್ಲ ಅನ್ನಲ್ಲ. ಆದರೆ ಬೆಳಿಗ್ಗೆ ಹೊತ್ತು ಅಲ್ಲಿ ಎಲ್ಲರಿಗೂ ಅವಸರ. ನಿಧಾನ ನಡೆಯುವವರು ಅಡ್ಡ ಆಗುತ್ತಾರೆ.

ಇನ್ನು ನೋಡೋದಕ್ಕೆ ಏನಿದೆ ಅನ್ನೋ ಮಾತು. ಏರಿಯಾದ ಮುಂಭಾಗವನ್ನು ಎಲ್ಲರೂ ನೋಡಿರುತ್ತಾರೆ. ನಾನು ಹೆಚ್ಚಾಗಿ ಹೋಗುವುದು ಹಿಂಭಾಗಕ್ಕೆ, ಕನ್ಸರ್ವೆನ್ಸಿಗೆ.

ಬೇರೆ ಊರಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ನೂರಿಪ್ಪತ್ತು ವರ್ಷದ ಹಿಂದೆ ಪ್ಲೇಗ್ ಬಂದು ಹಳೇ ಊರು ತತ್ತರಿಸಿದ ಮೇಲೆ, ಗಾಳಿ ಬೆಳಕು ಬರುವ ಹಾಗೆ ಹೊಸ ಬಡಾವಣೆಗಳನ್ನು ಮಾಡಿದರು. ಆ ಕೆಲಸಕ್ಕೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ನಮ್ಮ ಕೃಷ್ಣಮೂರ್ತಿಪುರಂಗೆ ಆಗಿನ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿಯವರ ಹೆಸರು. ಮನೆಗಳ ಮುಂದೆ ಅಗಲವಾದ ರಸ್ತೆ. ಹಿಂದೆ, ಎರಡು ಸಾಲು ಮನೆಗಳ ಬೆನ್ನಿನ ನಡುವೆ, ಒಂದು ಕಿರಿದಾದ ಗಲ್ಲಿ. ಅದೇ ಕನ್ಸರ್ವೆನ್ಸಿ. ಹೆಸರು ಇಂಗ್ಲಿಷಿನದು, ಆದರೆ ಇಲ್ಲಿ ತರಕಾರಿ ಮಾರುವವಳೂ 'ಕನ್ಸರ್ವೆನ್ಸೀಲಿ ಗಾಡಿ ನಿಲ್ಸಿದೀನಿ' ಅಂತಾಳೆ.

ಅಲ್ಲಿ ನಡೆದರೆ ಮನೆಗಳ ಬೆನ್ನು ಕಾಣುತ್ತೆ. ಮುಂದೆ ಗ್ರಾನೈಟ್, ಗಾಜು, ಹಿತ್ತಾಳೆಯ ನಾಮಫಲಕ. ಹಿಂದೆ ಅದೇ ಮನೆಯ ಹಳೇ ಇಟ್ಟಿಗೆ, ಉದುರುವ ಗಾರೆ, ಕಾಂಪೌಂಡ್ ಹತ್ತಿ ಹೊರಗೆ ಬಗ್ಗಿರುವ ಕರಿಬೇವು, ನುಗ್ಗೆ. ಬಚ್ಚಲಿನಿಂದ ನೀರು ಸುರಿಯುವ ಸದ್ದು. ಕುಕ್ಕರ್ ಕೂಗು. ಯಾರದೋ ಮನೆಯ ಹುಳಿಗೆ ಒಗ್ಗರಣೆ ಬಿದ್ದ ವಾಸನೆ. ಅಡುಗೆಮನೆಗಳೆಲ್ಲ ಈ ಕಡೆಗೇ ಅಲ್ವಾ!

ಎರಡನೆಯದೋ ಮೂರನೆಯದೋ ಸಲ ಹೋದಾಗ ಒಂದು ಗೋಡೆಯ ಬುಡದಲ್ಲಿ, ಮೊಣಕಾಲೆತ್ತರದಲ್ಲಿ, ಒಂದು ಚೌಕ ಕಂಡಿತು. ಗೋಡೆಯ ಇಟ್ಟಿಗೆ ಕೆಂಪು, ಚೌಕದೊಳಗಿನದು ಸಿಮೆಂಟ್ ಬಣ್ಣ. ಮೇಲೊಂದು ಕಲ್ಲು ಹಾಸಿತ್ತು. ಮುಂದಿನ ಗೋಡೆಯಲ್ಲೂ ಒಂದು. ಅದರಾಚೆ ಇನ್ನೊಂದು, ಅದಕ್ಕೆ ತುಕ್ಕು ಹಿಡಿದ ತಗಡಿನ ಬಾಗಿಲು ಇನ್ನೂ ಇತ್ತು. ನಾನು ಬಗ್ಗಿ ನೋಡುತ್ತಿದ್ದೆ. ಹಿತ್ತಲ ಬಾಗಿಲಿನಿಂದ ಒಬ್ಬರು ಅಜ್ಜಿ ತಲೆ ಹಾಕಿದರು.

'ಏನಮ್ಮಾ, ಏನಾದ್ರೂ ಬಿದ್ದೋಯ್ತಾ?'

'ಇಲ್ಲಾ ಅಮ್ಮಾ. ಇದು ಏನೂಂತ ನೋಡ್ತಿದ್ದೆ.'

'ಅದಾ? ಕಕ್ಕಸಿನ ಕಿಂಡಿ ಕಣಮ್ಮ. ಆಗೆಲ್ಲ ಡಬ್ಬ ಇಡ್ತಿದ್ರು. ಅವ್ರು ಬೆಳಿಗ್ಗೆ ಬಂದು ಈ ಕಡೆಯಿಂದ ಎಳಕೊಂಡು ಹೋಗೋರು.'

'ಅವ್ರು ಅಂದ್ರೆ?'

ಅಜ್ಜಿ ನನ್ನ ಮುಖ ನೋಡಿದರು. 'ಅವ್ರೇ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಹೆಸರು ಯಾರಿಗೆ ಗೊತ್ತಿತ್ತು' ಅಂದರು.

ಈ ಗಲ್ಲಿ ಇದ್ದದ್ದೇ ಅದಕ್ಕೆ. ಮನುಷ್ಯರು ಮನುಷ್ಯರ ಮಲ ಹೊತ್ತುಕೊಂಡು ಹೋಗುವುದು ಮುಂದಿನ ರಸ್ತೆಯವರ ಕಣ್ಣಿಗೆ ಬೀಳಬಾರದು ಅಂತ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಇದನ್ನು ನಾನು ಪರೀಕ್ಷೆಗೆ ಓದಿ, ಬರೆದು, ನಂಬರ್ ತೆಗೆದುಕೊಂಡಿದ್ದೆ. ಆದರೆ ಆ ಕಿಂಡಿ ನಮ್ಮ ಮನೆಯ ಹಿಂದೆಯೇ ಇರಬಹುದು ಅಂತ ಹೊಳೆದೇ ಇರಲಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ಹುಡುಕಿದೆ. ತೊಟ್ಟಿಯ ಹಿಂದೆ, ಸುಣ್ಣ ಬಳಿದ ಗೋಡೆಯಲ್ಲಿ, ಸಿಕ್ಕಿತು. ಇಷ್ಟು ವರ್ಷ ಅದರ ಮುಂದೆಯೇ ಬಟ್ಟೆ ಒಗೆದಿದ್ದೇನೆ. ದಿವಾನರ ಹೆಸರು ರಸ್ತೆ ರಸ್ತೆಯ ಬೋರ್ಡಿನಲ್ಲಿದೆ.

ಈಗ 'ಒಬ್ಬಳೇ ಯಾಕೆ' ಅನ್ನೋದಕ್ಕೆ ಉತ್ತರ ಕೊಡುವುದು ಸುಲಭ. ಜೊತೆಗೆ ಯಾರಾದರೂ ಇದ್ದಿದ್ದರೆ ಆ ಅಜ್ಜಿ ಮಾತಾಡುತ್ತಿರಲಿಲ್ಲ. ಇಬ್ಬರು ಹೋದರೆ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ, ಮೂರನೆಯವರಿಗೆ ಜಾಗ ಇರಲ್ಲ. ಒಂದು ಸಲ ನಾದಿನಿಯನ್ನು ಕರೆದುಕೊಂಡು ಹೋಗಿದ್ದೆ. ಅವಳ ಸೊಸೆಯ ವಿಷಯ ಅಗ್ರಹಾರ ಸರ್ಕಲ್‌ನಲ್ಲಿ ಶುರುವಾದದ್ದು ವಾಪಸ್ ಮನೆಗೆ ಬಂದರೂ ಮುಗಿದಿರಲಿಲ್ಲ. ಆವತ್ತು ನಾನು ನೋಡಿದ್ದು ಏನೂ ಇಲ್ಲ. ಸೊಸೆಯ ಬಗ್ಗೆ ಮಾತ್ರ ಬೇಕಾದಷ್ಟು ಗೊತ್ತಾಯಿತು.

ಮಧ್ಯಾಹ್ನದ ಊಟಕ್ಕೆ ಹೋಟೆಲ್. ಇದು ಸ್ವಲ್ಪ ಕಷ್ಟ, ಸುಳ್ಳು ಹೇಳಲ್ಲ. ಮೊದಮೊದಲು ಸರ್ವರ್ ನೀರಿನ ಲೋಟ ಎರಡು ತಂದಿಡುತ್ತಿದ್ದ. 'ಇನ್ನೊಬ್ರು ಬರ್ತಾರಾ ಮೇಡಂ?' 'ಇಲ್ಲ.' ಒಂದು ಲೋಟ ಎತ್ತಿಕೊಂಡು ಹೋಗುವಾಗ ಅವನಿಗೇ ಬೇಜಾರು. ನಾನು ಫೋನ್ ತೆಗೆದು ಸುಮ್ಮನೆ ಒತ್ತುತ್ತಾ ಕೂರುತ್ತಿದ್ದೆ. ಈಗ ರೂಢಿಯಾಗಿದೆ, ಅವನಿಗೂ ನನಗೂ. ಒಂದೇ ಲೋಟ ಬರುತ್ತೆ. ಖಾಲಿ ದೋಸೆ, ಸಾಗು, ಆಮೇಲೆ ಕಾಫಿ. ಬೆಣ್ಣೆ ಜಾಸ್ತಿ ಹಾಕಿಸಿಕೊಳ್ಳಬಹುದು, ನೋಡುವವರಿಲ್ಲ.

ಬಿಸಿಲಿನ ಹೊತ್ತಿಗೆ ಚಾಮರಾಜಪುರಂ ರೈಲ್ವೆ ಸ್ಟೇಷನ್‌ಗೆ ಹೋಗಿ ಕೂರುತ್ತೇನೆ, ಪ್ಲಾಟ್‌ಫಾರಂ ಟಿಕೆಟ್ ತಗೊಂಡು. ಮನೆಗಳ ನಡುವೆ ಸಿಕ್ಕಿಕೊಂಡಂತಿರುವ ಪುಟ್ಟ ಸ್ಟೇಷನ್. ಮೈಸೂರಿನ ದೊಡ್ಡ ಸ್ಟೇಷನ್ ಬಿಟ್ಟರೆ ಇದು, ಆಮೇಲೆ ಅಶೋಕಪುರಂ, ನಂಜನಗೂಡು, ಕೊನೆಗೆ ಚಾಮರಾಜನಗರ. ಅಲ್ಲಿಗೆ ಹಳಿ ಮುಗಿಯಿತು. ನಾನು ಚಿಕ್ಕವಳಿದ್ದಾಗ ಇದು ಮೀಟರ್ ಗೇಜ್. ಅಜ್ಜಿ ಮನೆ ನಂಜನಗೂಡಿನಲ್ಲಿ. ಕಬಿನಿಯ ಸೇತುವೆ ಬಂತು ಅಂದ್ರೆ ಅಮ್ಮ ಸೀರೆ ಸರಿಮಾಡಿಕೊಳ್ಳುತ್ತಿದ್ದಳು, ಇಳಿಯೋ ಹೊತ್ತಾಯಿತು ಅಂತ. ಈಗ ರೈಲು ಬಂದರೆ ಹತ್ತುವವರನ್ನು ನೋಡುತ್ತೇನೆ. ಹೊರಟ ಮೇಲೆ ಸ್ಟೇಷನ್ ಮತ್ತೆ ಸದ್ದಿಲ್ಲದೆ ಆಗುತ್ತೆ. ಎಲ್ಲಿಗೂ ಹೋಗದೆ ಸ್ಟೇಷನ್ನಿನಲ್ಲಿ ಕೂರುವ ಸುಖ ಹೇಳಿದರೆ ತಿಳಿಯುವಂಥದ್ದಲ್ಲ.

ವಾಪಸ್ ಬರುವಾಗ ದಾರಿ ಬದಲಾಯಿಸುತ್ತೇನೆ. ಒಂದೊಂದು ದಿನ 2020ರಲ್ಲಿ ಬಾಗಿಲು ಹಾಕಿದ ಶಾಂತಲಾ ಟಾಕೀಸ್ ಕಡೆಯಿಂದ. ಒಂದೊಂದು ದಿನ ರಾಮಸ್ವಾಮಿ ಸರ್ಕಲ್ ಕಡೆಯಿಂದ. ಆ ರಾಮಸ್ವಾಮಿ ಯಾರೂಂತ ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಯಾರೋ ದೊಡ್ಡ ಅಧಿಕಾರಿ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಒಬ್ಬ ಹುಡುಗ, ವಿದ್ಯಾರ್ಥಿ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿಗೆ ಜನರ ಸರ್ಕಾರ ಇನ್ನೂ ಬಂದಿರಲಿಲ್ಲ. ಅದಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯುತ್ತಿತ್ತು. ಅಲ್ಲಿ ಗುಂಡು ತಗುಲಿ ಸತ್ತ. ನಮ್ಮ ಬ್ಯಾಂಕಿನ ಹುಡುಗರು ದಿನಾ 'ಆರ್.ಎಸ್. ಸರ್ಕಲ್‌ನಲ್ಲಿ ಸಿಗ್ನಲ್ ಬಿತ್ತು' ಅಂತ ಲೇಟಾಗಿ ಬರುತ್ತಾರೆ. ಒಂದು ದಿನ ಹೇಳಿದೆ. 'ಹೌದಾ ಮೇಡಂ?' ಅಂದರು. ಮಾರನೇ ದಿನವೂ ಲೇಟಾಗಿಯೇ ಬಂದರು, ಆದರೆ 'ರಾಮಸ್ವಾಮಿ ಸರ್ಕಲ್' ಅಂತ ಪೂರ್ತಿ ಹೆಸರು ಹೇಳಿದರು.

ಎಲ್ಲ ಶನಿವಾರವೂ ಹೀಗೆ ತುಂಬಿಕೊಂಡಿರುತ್ತೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಏನೂ ಸಿಗಲ್ಲ. ಕಾಲು ನೋವು, ಬಿಸಿಲು, ಒಂದೆರಡು ನಾಯಿ. ಒಮ್ಮೆಯಂತೂ ಹತ್ತೂವರೆಗೇ ಮನೆಗೆ ಬಂದು ಮಲಗಿಬಿಟ್ಟೆ.

ಹೋದ ತಿಂಗಳು ಮತ್ತೆ ಅದೇ ಕನ್ಸರ್ವೆನ್ಸಿಗೆ ಹೋಗಿದ್ದೆ. ಅಜ್ಜಿ ಗುರುತು ಹಿಡಿದರು. 'ಬಂದ್ಯಾ? ಚೀಲ ಕೊಡು ಇಲ್ಲಿ' ಅಂದರು. ಕಾಂಪೌಂಡಿನ ಮೇಲಿಂದ ಚೀಲ ತೆಗೆದುಕೊಂಡು, ಕರಿಬೇವು ಮುರಿದು ಮುರಿದು ತುಂಬಿಸಿ ಕೊಟ್ಟರು. ಮನೆಗೆ ಬಂದು ಚೀಲವನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟೆ. ಮನೆಯವರು ಬಗ್ಗಿ ನೋಡಿದರು, ಗಡಿಯಾರ ನೋಡಿದರು.

'ಕರಿಬೇವು ತರೋದಕ್ಕೆ ಒಂಬತ್ತು ಗಂಟೆನಾ?'