ಆರ್‌ವಿಯಲ್ಲಿ ಹೊರಟಿದ್ದೀರಾ? ವ್ಯಾಲೆಂಟೈನ್‌ನಲ್ಲಿ ಎರಡು ರಾತ್ರಿ ತಂಗಿ

ಷಿಕಾಗೋ ಕಡೆಯಿಂದ ಆರ್‌ವಿ (ಅಡುಗೆ, ನಿದ್ದೆ, ಸ್ನಾನ ಎಲ್ಲ ಒಳಗೇ ಆಗುವ ಮನೆಯಂಥ ಗಾಡಿ) ಬಾಡಿಗೆಗೆ ತಗೊಂಡು ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್, ಮೌಂಟ್ ರಶ್ಮೋರ್ ನೋಡಲು ಹೋಗುವ ನಮ್ಮವರು ಐ-90 ಹೆದ್ದಾರಿ ಹಿಡಿದರೆ ಮತ್ತೆ ಅದನ್ನು ಬಿಡುವುದೇ ಇಲ್ಲ. ಹೋಗುವಾಗಲೋ ಬರುವಾಗಲೋ ಅದೇ ರಾಜ್ಯದ ಮರ್ಡೊ ಊರಿನ ಹತ್ತಿರ 83ನೇ ಹೆದ್ದಾರಿಗೆ ತಿರುಗಿ, ದಕ್ಷಿಣಕ್ಕೆ ನೆಬ್ರಾಸ್ಕಾದ ವ್ಯಾಲೆಂಟೈನ್‌ಗೆ ಬನ್ನಿ. ಮೂರು ಸಾವಿರ ಜನರೂ ಇಲ್ಲದ ಊರು. ಅದು ಸೇರಿರುವ ಚೆರ್ರಿ ಕೌಂಟಿ ಮಾತ್ರ ಕನೆಕ್ಟಿಕಟ್ ರಾಜ್ಯಕ್ಕಿಂತ ದೊಡ್ಡದು. ಅಲ್ಲಿ ಜನರಿಗಿಂತ ದನಗಳೇ ಎಷ್ಟೋ ಪಟ್ಟು ಜಾಸ್ತಿ.

ನಮ್ಮ ಜೊತೆ ಹಾಸನದಿಂದ ಬಂದಿದ್ದ ಅತ್ತೆ-ಮಾವ, ಇಬ್ಬರು ಮಕ್ಕಳು ಇದ್ದರು. ದೊಡ್ಡ ಪಾರ್ಕುಗಳ ಜನಜಂಗುಳಿಗಿಂತ ಹಿರಿಯರಿಗೆ ಹಿಡಿಸಿದ್ದು ಈ ಊರೇ.

ಮೊದಲು ಗಾಡಿಯ ವಿಷಯ. ಇಲ್ಲಿ ಗಾಳಿ ಜೋರು. ಎತ್ತರದ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಹಾಗಾಗಿ ನಿಧಾನವಾಗಿ ಓಡಿಸಿ, ಆದಷ್ಟು ಬೆಳಗ್ಗೆ ಬೇಗ ಹೊರಡಿ. ಊರಿಂದೂರಿಗೆ ದೂರ ಜಾಸ್ತಿ. ಅರ್ಧ ಟ್ಯಾಂಕ್ ಇದ್ದರೂ ಪೆಟ್ರೋಲ್ ಹಾಕಿಸಿಕೊಳ್ಳಿ. ರಾತ್ರಿ ಗಾಡಿ ನಿಲ್ಲಿಸುವ ಕ್ಯಾಂಪ್‌ಗ್ರೌಂಡಿನಲ್ಲಿ 30 ಆಂಪ್ ಕರೆಂಟ್ ಕನೆಕ್ಷನ್ ಸಿಕ್ಕರೆ ಒಟ್ಟು 3600 ವ್ಯಾಟ್ ಅಷ್ಟೇ. ಎ.ಸಿ., ಇಂಡಕ್ಷನ್ ಒಲೆ, ಮೈಕ್ರೋವೇವ್ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಕುಕ್ಕರ್ ಅನ್ನು ಗ್ಯಾಸ್ ಒಲೆಯ ಮೇಲಿಡಿ. ಒಗ್ಗರಣೆಗೆ ಮುಂಚೆ ಮೇಲಿನ ಕಿಂಡಿ ತೆಗೆದು ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊಗೆಯ ಅಲಾರಾಂ ಕಿರುಚುತ್ತದೆ. ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವಾಗ ಮೊದಲು ಟಾಯ್ಲೆಟ್‌ನದು, ಆಮೇಲೆ ಸ್ನಾನ-ಪಾತ್ರೆಯ ನೀರಿನದು. ಆಗ ಪೈಪೂ ತೊಳೆದಂತಾಗುತ್ತದೆ.

ಸಸ್ಯಾಹಾರಿಗಳು ಹೋಟೆಲನ್ನು ನೆಚ್ಚಿಕೊಳ್ಳಬೇಡಿ. ಅಕ್ಕಿ, ಬೇಳೆ, ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಮನೆಯಿಂದಲೇ ಬರಲಿ. ಹಾಲು, ಮೊಸರು, ತರಕಾರಿ ಊರಲ್ಲಿ ಸಿಗುತ್ತವೆ.

ಇನ್ನು ಸುತ್ತಲಿನ ನೆಲ. ಇದನ್ನು ಸ್ಯಾಂಡ್‌ಹಿಲ್ಸ್ ಅನ್ನುತ್ತಾರೆ. ಕಣ್ಣು ಹಾಯುವವರೆಗೂ ಹಸಿರು ಗುಡ್ಡ, ಆದರೆ ಒಳಗೆಲ್ಲ ಬರೀ ಮರಳು. ಮೇಲಿನ ಹುಲ್ಲು ಮರಳನ್ನು ಹಿಡಿದು ನಿಲ್ಲಿಸಿದೆ. ನೆಲ ಉತ್ತರೆ ಮರಳು ಗಾಳಿಗೆ ಹಾರಿಹೋಗುತ್ತದೆ, ಅದಕ್ಕೇ ಇಲ್ಲಿ ಬೇಸಾಯಕ್ಕಿಂತ ದನ ಸಾಕಣೆ. ಪೆಟ್ರೋಲ್ ಬಂಕಿನಲ್ಲಿ ಪಿಕಪ್ ನಿಲ್ಲಿಸಿಕೊಂಡಿದ್ದ ಒಬ್ಬ ಹಿರಿಯ ರ‍್ಯಾಂಚರ್ (ದನ ಸಾಕುವವರು) ಸಿಕ್ಕರು. ಮಾವ ನನ್ನ ಕೈಲಿ ಕೇಳಿಸಿದರು: "ಇಷ್ಟು ದನಕ್ಕೆ ನೀರು ಯಾರು ಕುಡಿಸ್ತಾರೆ ಕೇಳಮ್ಮ." ರ‍್ಯಾಂಚರ್ ದೂರದ ಗಾಳಿಯಂತ್ರ ತೋರಿಸಿದರು. ನೆಲದಡಿ ಒಗಲಾಲಾ ಎಂಬ ಭಾರಿ ಜಲಪದರ ಇದೆ. ಗಾಳಿಯಂತ್ರ ನೀರೆತ್ತಿ ದುಂಡನೆಯ ತೊಟ್ಟಿಗೆ ತುಂಬುತ್ತದೆ, ದನ ತಾನೇ ಬಂದು ಕುಡಿಯುತ್ತದೆ. ಕೆಲವು ಕಡೆ ಈಗ ಸೋಲಾರ್ ಪಂಪ್. ಮಾವ ಬಾನೆಟ್ ಮೇಲಿನ ಧೂಳಿನಲ್ಲಿ ಬೆರಳಿಂದ ನಮ್ಮ ಕೊಟ್ಟಿಗೆಯ ಚಿತ್ರ ಬರೆದು, ಒಂದೊಂದು ಹಸುವನ್ನೂ ಎಲ್ಲಿ ಕಟ್ಟುತ್ತೇವೆ ಅಂತ ತೋರಿಸಿದರು. ಇಬ್ಬರೂ ಬಹಳ ಹೊತ್ತು ಹಾಗೇ ನಿಂತಿದ್ದರು.

ಒಂದು ಮಾತು ಹೇಳಲೇಬೇಕು. ಇವು ಮಾಂಸಕ್ಕಾಗಿ ಸಾಕಿದ ದನಗಳು. ಮನೆಯ ಹಿರಿಯರಿಗೆ ಇದನ್ನು ಹೊರಡುವ ಮುಂಚೆಯೇ ತಿಳಿಸಿಬಿಡಿ, ಅಲ್ಲಿ ಹೋಗಿ ಮುಜುಗರ ಆಗಬಾರದು. ರ‍್ಯಾಂಚರ್‌ಗಳ ಹತ್ತಿರ "ಎಷ್ಟು ದನ ಇವೆ?" ಅಂತ ಕೇಳಬೇಡಿ. ಅದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ. ರಸ್ತೆ ಪಕ್ಕದ ಬಯಲು ಬಹುತೇಕ ಖಾಸಗಿ ಜಮೀನು. ಫೋಟೋ ಆಸೆಗೆ ಬೇಲಿ ದಾಟಬೇಡಿ. ಯಾರಾದರೂ ಒಳಗೆ ಕರೆದರೆ, ಗೇಟು ಹೇಗಿತ್ತೋ ಹಾಗೇ ಬಿಟ್ಟು ಬನ್ನಿ.

ಮಕ್ಕಳಿಗೆ ನಯೋಬ್ರಾರಾ ನದಿ ಇದೆ. ಬೇಸಿಗೆಯಲ್ಲಿ ಕೂತು ತೇಲಿಕೊಂಡು ಹೋಗುವ ಟ್ಯೂಬ್ ಬಾಡಿಗೆಗೆ ಸಿಗುತ್ತದೆ. ಹೆಚ್ಚಿನ ಕಡೆ ನೀರು ಆಳವಿಲ್ಲ, ಆದರೂ ಲೈಫ್ ಜಾಕೆಟ್ ಬಿಡಬೇಡಿ. ಸುಮಾರು 60 ಅಡಿ ಎತ್ತರದ ಸ್ಮಿತ್ ಫಾಲ್ಸ್ ನೆಬ್ರಾಸ್ಕಾದ ಅತಿ ಎತ್ತರದ ಜಲಪಾತ. ಜೋಗ ನೋಡಿದವರಿಗೆ ಸಣ್ಣದು ಅನ್ನಿಸಬಹುದು, ಆದರೆ ಬುಡಕ್ಕೇ ಹೋಗಿ ನಿಲ್ಲಬಹುದು. ಊಟೆಯ ನೀರು, ಜುಲೈನಲ್ಲೂ ಕೊರೆಯುತ್ತದೆ. ಅತ್ತೆ ಬೊಗಸೆ ತುಂಬ ನೀರು ಹಿಡಿದು ತಲೆಗೆ ಚಿಮುಕಿಸಿಕೊಂಡರು. ಅಲ್ಲಿಗೆ ಕೊನೆಯ ಕೆಲವು ಮೈಲಿ ಜಲ್ಲಿ ರಸ್ತೆ. ಎಷ್ಟೋ ಬಾಡಿಗೆ ಕರಾರುಗಳಲ್ಲಿ ಜಲ್ಲಿ ರಸ್ತೆಗೆ ಅವಕಾಶ ಇರುವುದಿಲ್ಲ, ಮೊದಲೇ ಓದಿಕೊಳ್ಳಿ. ಪಾರ್ಕ್ ಪರ್ಮಿಟ್ ಬೇಕು. ಅಲ್ಲಿ ಟೆಂಟಿಗಷ್ಟೇ ಜಾಗ, ರಾತ್ರಿಗೆ ವ್ಯಾಲೆಂಟೈನ್‌ಗೇ ವಾಪಸ್ ಬನ್ನಿ.

ಊರಿಗೆ ಹತ್ತಿರದಲ್ಲೇ ಫೋರ್ಟ್ ನಯೋಬ್ರಾರಾ ವನ್ಯಜೀವಿ ಧಾಮ. 1912ರಲ್ಲಿ ಆದದ್ದು. ಕಾಡೆಮ್ಮೆಯಂಥ ಬೈಸನ್‌ಗಳನ್ನು ಗಾಡಿಯೊಳಗಿಂದಲೇ ನೋಡಿ, ಇಳಿಯಬೇಡಿ. ರಾತ್ರಿ ಕತ್ತಲಲ್ಲಿ ನಕ್ಷತ್ರ ನೋಡುವ ಆಸೆ ಇದ್ದರೆ ನೈಋತ್ಯಕ್ಕಿರುವ ಮೆರಿಟ್ ಜಲಾಶಯಕ್ಕೆ ಹೋಗಿ. ಅಮಾವಾಸ್ಯೆ ಆಸುಪಾಸಿನ ದಿನ ಆರಿಸಿಕೊಳ್ಳಿ.

ಇಲ್ಲಿಂದ 20ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗುವವರು ಗಮನಿಸಿ: ಅದೇ ಕೌಂಟಿಯೊಳಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮುಂದಿನ ಕ್ಯಾಂಪ್‌ಗ್ರೌಂಡಿಗೆ ಫೋನ್ ಮಾಡುವಾಗ ಯಾರ ಸಮಯ ಅಂತ ಕೇಳಿಕೊಳ್ಳಿ. ಆ ಫೋನನ್ನೂ ಊರು ಬಿಡುವ ಮುಂಚೆಯೇ ಮಾಡಿ, ಗುಡ್ಡಗಳ ನಡುವೆ ಸಿಗ್ನಲ್ ಸಿಗುವುದು ಕಷ್ಟ.