ಹದಿಮೂರು ಫಾರಂ, ಒಂದು ಮುಂಜಾನೆ

ಏಪ್ರಿಲ್ ತಿಂಗಳಲ್ಲಿ ವಿಜಯಪುರದಲ್ಲಿ ಪುಸ್ತಕ ಕಟ್ಟಲು ಕೂಡ್ರುವುದಾದರೆ ಮುಂಜಾನೆ ಆರಕ್ಕೇ ಕೂಡ್ರಬೇಕು. ಬಿಸಿಲೇರಿತೆಂದರೆ ಹಚ್ಚಿದ ಅಂಟು ನೋಡನೋಡುತ್ತಲೇ ಆರುತ್ತದೆ, ಹಾಳೆ ರಟ್ಟನ್ನು ಜಗ್ಗಿ ಹಪ್ಪಳದಂತೆ ಬಾಗಿಸುತ್ತದೆ. ಮೊನ್ನೆ ರವಿವಾರ ಮೇಜಿನ ಮೇಲಿದ್ದದ್ದು ಡೆಮಿ 1/8 ಆಕಾರದ, 208 ಪುಟಗಳ ಹಳೆಯ ವಚನ ಸಂಗ್ರಹ. ದಾರ ಕೊಳೆತು ಬೆನ್ನು ಬಿಟ್ಟಿತ್ತು. ಹಾಳೆ ಮಾತ್ರ ಗಟ್ಟಿಯಾಗಿದ್ದವು.

ಮೊದಲ ಕೆಲಸ ಫಾರಂ ಎಣಿಸುವುದು. ಫಾರಂ ಎಂದರೆ ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿ ಮಾಡಿದ ಕಟ್ಟು, ಒಂದಕ್ಕೆ 16 ಪುಟ. ಅಂದರೆ 1, 17, 33, 49 ಹೀಗೆ ನಡೆದು ಹದಿಮೂರನೆಯದು 193ಕ್ಕೆ ಶುರುವಾಗಬೇಕು. ಇದನ್ನು ನೋಡದೆ ಹೊಲಿದರೆ ಕ್ರಮ ತಪ್ಪಿದ್ದು ಗೊತ್ತಾಗುವುದು ರಟ್ಟು ಕೂಡಿಸಿದ ಮೇಲೆಯೇ. ಹಿಂದೆ ವಚನಗಳನ್ನು ಬರೆದಿಡುತ್ತಿದ್ದ ತಾಡೋಲೆಗೆ ಈ ಹೊಲಿಗೆಯೂ ಇರಲಿಲ್ಲ. ರಂಧ್ರದಲ್ಲಿ ಹಾಯ್ದ ದಾರ ಹರಿದರೆ ಗರಿಗಳೆಲ್ಲ ಚದುರಿದಂತೆಯೇ. ಅಂಥ ಕಟ್ಟುಗಳನ್ನು ಹುಡುಕಿ ತಂದು, ಓದಿ, ಅಚ್ಚಿಗೆ ಅಣಿಮಾಡಿದ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದದ್ದು, ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದ್ದು ಇದೇ ಊರಲ್ಲಿ. ಅಂಥ ಊರಿನಲ್ಲಿ ವಚನದ ಪುಸ್ತಕವೊಂದು ಬಿಡಿಹಾಳೆಯಾಗಿ ರದ್ದಿಗೆ ಹೋಗುವುದು ನನಗೆ ಸಹಿಸಲಾಗದ ಮಾತು.

ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು. ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಬೇಕು. ಹುಳ ಬೀಳದಿರಲೆಂದು ಬೈಂಡರುಗಳು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ. ಅದು ವಿಷ, ಅಡುಗೆ ಪಾತ್ರೆ ಮುಟ್ಟಿಸಬಾರದು. ಫೆವಿಕಾಲ್ ಸಲೀಸು ನಿಜ, ಆದರೆ ಒಮ್ಮೆ ಆರಿದರೆ ಹಾಳೆ ಹರಿಯದೆ ಬಿಡಿಸಲಾಗದು. ಮೈದಾ ಅಂಟು ಒದ್ದೆ ಬಟ್ಟೆಗೆ ಮೆತ್ತಗಾಗುತ್ತದೆ, ಮುಂದೊಮ್ಮೆ ಇನ್ನೊಬ್ಬರು ಬಿಚ್ಚಿ ಕಟ್ಟಬಹುದು. ಸೆಲೋಟೇಪ್ ಅಂತೂ ಬೇಡವೇ ಬೇಡ. ಕೆಲವೇ ವರ್ಷಗಳಲ್ಲಿ ಅದರ ಜಿಗಟು ಕಂದುಗಟ್ಟಿ ಅಕ್ಷರದ ಮೇಲೆ ಕಲೆ ಉಳಿಯುತ್ತದೆ.

ಇನ್ನು ಹೊಲಿಗೆ. ಫಾರಂ ನಡುವೆ ತೆರೆದರೆ 8, 9ನೆಯ ಪುಟಗಳ ಮಧ್ಯೆ ಮಡಿಕೆ ಸಿಗುತ್ತದೆ. ಅಲ್ಲಿ ಐದು ತೂತು. ತುದಿಯ ಎರಡು ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ. ಹತ್ತಿಯ ದಾರಕ್ಕೆ ಜೇನುಮೇಣ ಸವರಬೇಕು. ಹದಿಮೂರು ಫಾರಂಗೆ ಸುಮಾರು ಮೂರು ಮೀಟರ್ ಬೇಕಾದರೂ ಒಮ್ಮೆಗೇ ಅಷ್ಟು ಉದ್ದ ಪೋಣಿಸಿದರೆ ಸಿಕ್ಕು ಬೀಳುತ್ತದೆ. ಮೀಟರಿನಷ್ಟು ತೆಗೆದುಕೊಂಡು ನೇಕಾರರು ಎಳೆ ಕೂಡಿಸುವ ಗಂಟಿನಿಂದ ಬೆಸೆಯುವುದು ಲೇಸು. ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಬೇಕು. ಮೇಲಕ್ಕೆ ಜಗ್ಗಿದಿರೋ, ಮಡಿಕೆ ಸೀಳಿತು. ಪ್ರತಿ ಫಾರಂ ಮುಗಿದಾಗ ಕೆಳಗಿನದರ ಹೊಲಿಗೆಯಡಿ ಸೂಜಿ ತೂರಿಸಿ ಗಂಟು ಬಿಗಿಯಬೇಕು. ದಾರ ದಪ್ಪವಾದರೆ ಬೆನ್ನು ಉಬ್ಬಿ ಪುಸ್ತಕ ಒಂದೇ ಕಡೆ ಎತ್ತರವಾಗುತ್ತದೆ.

ಬರಹಗಾರರೂ ಈ ಕೆಲಸಕ್ಕೆ ಕೂಡ್ರಲಿ ಎಂದು ನಾನು ಹೇಳುವುದು ಈ ಹೊಲಿಗೆಯ ಕಾರಣಕ್ಕೇ. ಸೂಜಿ ಹಾಯುವ ಜಾಗದಲ್ಲಿ ಕಣ್ಣೂ ನಿಲ್ಲುತ್ತದೆ. ಪ್ರತಿ ಫಾರಂ ನಡುವೆ ಒಂದು ವಚನ ಓದಿ ಮುಂದೆ ಹೋದರೆ ಮುಂಜಾನೆಗೆ ಹದಿಮೂರು ವಚನವಾಯಿತು. ಸಾಲಾಗಿ ಓದುವಾಗ ಜಾರಿ ಹೋಗಿದ್ದ ಪದಗಳು ಆಗ ತಡೆದು ನಿಲ್ಲಿಸುತ್ತವೆ. ಬರವಣಿಗೆಯ ನೋಟುಪುಸ್ತಕವನ್ನೂ ಹೀಗೇ ಹೊಲಿಯಬಹುದು: ನಾಲ್ಕು ಎ4 ಹಾಳೆ ಒಟ್ಟಿಗೆ ನಡುವೆ ಮಡಿಸಿದರೆ 16 ಪುಟದ ಒಂದು ಕಟ್ಟು. ಶಾಯಿ ಪೆನ್ನಾದರೆ 100 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾಗದ ಇರಲಿ, 70ರದ್ದರಲ್ಲಿ ಹಲವು ಸಲ ಶಾಯಿ ಹಿಂಬದಿಗೆ ಇಳಿಯುತ್ತದೆ. ಬಲಪುಟದಲ್ಲಿ ಬರಹ, ಎಡಪುಟ ತಿದ್ದುಪಡಿಗೆ ಖಾಲಿ.

ರಟ್ಟು 2 ಮಿಲಿಮೀಟರ್ ದಪ್ಪ, ಮೂರೂ ಬದಿ ಹಾಳೆಗಿಂತ 3 ಮಿಲಿಮೀಟರ್ ಹೆಚ್ಚು. ಹೊದಿಕೆಗೆ ಗುಳೇದಗುಡ್ಡದ ಖಣದಷ್ಟು (ಕುಪ್ಪಸದ ನೇಯ್ದ ಬಟ್ಟೆ) ಚೆಂದದ್ದು ಬೇರಿಲ್ಲ. ಆದರೆ ನೇರ ಅಂಟಿಸಿದರೆ ಎಳೆಗಳ ನಡುವಿಂದ ಅಂಟು ಒಸರಿ ಕಲೆಯಾಗುತ್ತದೆ. ಮೊದಲು ಹಿಂಬದಿಗೆ ತೆಳು ಕಾಗದ ಹಚ್ಚಿ ಒಣಗಿಸಿಕೊಳ್ಳಬೇಕು. ಕೊನೆಗೆ ಎರಡು ಹಲಗೆಗಳ ನಡುವೆ ಪುಸ್ತಕವಿಟ್ಟು ಮೇಲೆ ಬೀಸುಕಲ್ಲು ಹೇರಿದ್ದಾಯಿತು. ರಟ್ಟಿನ ಒಳಬದಿ ಹಸಿಯಿರುವ ತನಕ ಅದನ್ನು ಇಳಿಸಬಾರದು, ತೆರೆದು ನೋಡಲೂಬಾರದು. ಮರುದಿನ ಮುಂಜಾನೆಯವರೆಗೆ ಕಾಯಬೇಕು.